ಜಾಣರೇ ತುಂಬಿರುವ ಸ್ಟಾರ್ಟಪ್‌ಗಳು ಒಡೆಯುವುದೇಕೆ? ಕೊನೆಯ ಮಾತು ಯಾರದ್ದು ಅಂತ ಯಾರಿಗೂ ಗೊತ್ತಿರಲ್ಲ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಸ್ಟಾರ್ಟಪ್‌ಗಳಲ್ಲಿ ಪ್ರತಿಭೆಗೇನೂ ಬರವಿಲ್ಲ. ಒಬ್ಬರಿಗಿಂತ ಒಬ್ಬರು ಜಾಣರು. ಆದರೂ ಎಷ್ಟೋ ತಂಡಗಳಲ್ಲಿ ಮೊದಲು ಮನಸ್ತಾಪ, ಆಮೇಲೆ ರಾಜೀನಾಮೆ. ‘ಈಗೋ ಪ್ರಾಬ್ಲಂ’ ಅಂತ ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ಜಗಳದ ಮೂಲ ಹೆಚ್ಚಾಗಿ ಅಧಿಕಾರದ ಪ್ರಶ್ನೆಯಲ್ಲಿರುತ್ತದೆ. ಭಿನ್ನಾಭಿಪ್ರಾಯ ಬಂದಾಗ ಕೊನೆಯ ಮಾತು ಯಾರದ್ದು ಅನ್ನೋದನ್ನು ಮೊದಲೇ ತೀರ್ಮಾನಿಸಿರುವುದಿಲ್ಲ.

ಒಂದು ಸಣ್ಣ ಲೆಕ್ಕ ನೋಡಿ. 5 ಜನರ ತಂಡದಲ್ಲಿ ಇಬ್ಬಿಬ್ಬರು ಮಾತಾಡಿಕೊಳ್ಳಬೇಕಾದ ಜೋಡಿಗಳು 10. ತಂಡ 10 ಜನರದ್ದಾದರೆ 45, 50 ಜನರದ್ದಾದರೆ 1,225. ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತೂ ತಡವಾಗುತ್ತದೆ ಎಂದು ಐಬಿಎಂನಲ್ಲಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದದ್ದು ಇದಕ್ಕೇ. ಟೀ ಕುಡಿಯುತ್ತಾ ಬಗೆಹರಿಯುತ್ತಿದ್ದ ವಿಷಯ ಫಂಡಿಂಗ್ ಬಂದು ತಂಡ ದೊಡ್ಡದಾದ ಮೇಲೆ ಹಾಗೆ ಬಗೆಹರಿಯಲ್ಲ.

ಒಂದೇ ಕಂಪನಿ, ಎರಡು ಪಾಠ

ಇನ್ಫೋಸಿಸ್ ಶುರುವಾಗಿದ್ದು 1981ರಲ್ಲಿ, ಏಳು ಇಂಜಿನಿಯರ್‌ಗಳಿಂದ. 1990ರಲ್ಲಿ ಕಂಪನಿಯನ್ನು 10 ಲಕ್ಷ ಡಾಲರ್‌ಗೆ ಮಾರುವ ಅವಕಾಶ ಬಂತು. ನಾರಾಯಣ ಮೂರ್ತಿ ಹೇಳಿಕೊಂಡಿರುವಂತೆ, ಬೆಂಗಳೂರಿನ ಪುಟ್ಟ ಕಚೇರಿಯಲ್ಲಿ ಐವರು ಸಂಸ್ಥಾಪಕರು ಕೂತರು. ಸಹೋದ್ಯೋಗಿಗಳು ನಾಲ್ಕು ಗಂಟೆ ಮಾತಾಡಿದರು, ಮೂರ್ತಿ ಕೇಳಿಸಿಕೊಂಡರು. ಕೊನೆಗೆ, ಮಾರಲೇಬೇಕು ಅಂದರೆ ನಿಮ್ಮೆಲ್ಲರ ಪಾಲನ್ನೂ ನಾನೇ ಕೊಳ್ಳುತ್ತೇನೆ ಎಂದರು. ಇನ್ನೊಂದು ಗಂಟೆಯ ವಾದದ ನಂತರ ಎಲ್ಲರೂ ಉಳಿದರು. ಅಂದರೆ ಎಲ್ಲರಿಗೂ ಮಾತಾಡಲು ಸಮಯ ಸಿಕ್ಕಿತ್ತು, ಹೋಗುವವರಿಗೆ ಗೌರವದ ದಾರಿಯಿತ್ತು, ತೀರ್ಮಾನಕ್ಕೆ ಎಲ್ಲರೂ ಬದ್ಧರಾದರು.

ಅದೇ ಕಂಪನಿಯಲ್ಲಿ 2017ರಲ್ಲಿ ಸಂಸ್ಥಾಪಕರು ಮತ್ತು ಆಡಳಿತ ಮಂಡಳಿಯ ತಿಕ್ಕಾಟ ಬೀದಿಗೆ ಬಂತು. ಆಗಸ್ಟ್‌ನಲ್ಲಿ ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು. ಪ್ರತಿಭೆ, ದುಡ್ಡು ಎರಡೂ 1990ಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದವು. ಕಂಪನಿ ನಡೆಸುವವರ ಮೇಲೆ ಸಂಸ್ಥಾಪಕರ ಹಿಡಿತ ಎಷ್ಟಿರಬೇಕು ಅನ್ನುವುದು ಮಾತ್ರ ಇತ್ಯರ್ಥವಾಗಿರಲಿಲ್ಲ.

ಬೆಲೆ ತೆರುವವರು ಯಾರು?

ಇದು ಸಂಸ್ಥಾಪಕರ ತಲೆನೋವು ಮಾತ್ರ ಅಂದ್ಕೋಬೇಡಿ. ‘ನಾವೆಲ್ಲ ಒಂದೇ ಫ್ಯಾಮಿಲಿ’ ಅನ್ನುವ ಆಫೀಸಿನಲ್ಲಿ ನಿಯಮ ಬರೆದಿಡದಿದ್ದರೆ, ಹೆಚ್ಚು ಷೇರು ಇರುವವರ ಮಾತೇ ನಿಯಮ. ತಪ್ಪು ಕಂಡರೂ ಜೂನಿಯರ್ ಇಂಜಿನಿಯರ್ ಬಾಯಿ ಬಿಡಲ್ಲ.

1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಪೀಣ್ಯದಂಥ ಕಡೆಯ ಕಾರ್ಖಾನೆಗಳು, ನಿಗದಿತ ಸಂಖ್ಯೆಯ ಕಾರ್ಮಿಕರಿದ್ದರೆ, ಕೆಲಸದ ಅವಧಿ, ರಜೆ, ಶಿಸ್ತುಕ್ರಮದ ನಿಯಮಗಳನ್ನು ಬರೆದು ಪ್ರಕಟಿಸಬೇಕಿತ್ತು. ಐಟಿ ವಲಯಕ್ಕೆ ಮಾತ್ರ ರಾಜ್ಯ ಸರ್ಕಾರ ವರ್ಷಗಟ್ಟಲೆ ವಿನಾಯಿತಿ ಕೊಡುತ್ತಾ ಬಂತು. 2014ರಲ್ಲಿ ಅದನ್ನು ವಿಸ್ತರಿಸುವಾಗ, ನೌಕರರಿಗೂ ಸಮಾನ ಪ್ರಾತಿನಿಧ್ಯವಿರುವ ಕುಂದುಕೊರತೆ ಸಮಿತಿ ಇರಬೇಕು ಎಂಬ ಷರತ್ತು ಹಾಕಲಾಗಿತ್ತು. ಷರತ್ತುಗಳು ಪಾಲನೆಯಾಗುತ್ತಿಲ್ಲ ಎಂದು ಐಟಿ ನೌಕರರ ಸಂಘ ಕೆಐಟಿಯು ಈ ವಿನಾಯಿತಿಯನ್ನೇ ವಿರೋಧಿಸುತ್ತಾ ಬಂದಿದೆ.

ಹಾಗಾಗಿ ಸ್ಟಾರ್ಟಪ್ ಸೇರುವ ಮುಂಚೆ ಸಂಬಳ, ಇಸಾಪ್ ಜೊತೆ ಇನ್ನೂ ಮೂರು ಪ್ರಶ್ನೆ ಕೇಳಿ. ಯಾವ ವಿಷಯದಲ್ಲಿ ಯಾರ ತೀರ್ಮಾನ ಅಂತಿಮ? ನನ್ನ ತಕರಾರನ್ನು ಯಾರ ಮುಂದೆ ಇಡಬೇಕು? ಬಿಟ್ಟುಹೋಗುವವರಿಗೆ ಏನು ಸಿಗುತ್ತದೆ? ಉತ್ತರ ಬರವಣಿಗೆಯಲ್ಲಿ ಕೊಡಿ ಅನ್ನಿ. ‘ಅದೆಲ್ಲ ಆಮೇಲೆ ನೋಡೋಣ’ ಅಂದರೆ, ಆ ಜಗಳ ನೀವು ಒಳಗಿರುವಾಗಲೇ ಬರುವ ಸಾಧ್ಯತೆ ಹೆಚ್ಚು.