ಪೆಟ್ಟಿಗೆಯೊಳಗಿನ ಬೆಳ್ಳಿ ರೂಪಾಯಿಗೆ ಬೆಲೆಯೆಷ್ಟು?

ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ, ಅಜ್ಜಿಯರ ಗಂಟುಗಳಲ್ಲಿ ಒಂದೆರಡು ಬೆಳ್ಳಿಯ ರೂಪಾಯಿಗಳು ಇರುವುದುಂಟು. ಹಿರಿಯರು ಬಿಟ್ಟುಹೋದ ನಾಣ್ಯ ಕೈಗೆ ಬಂದಾಗ ಅದರ ಬೆಲೆಯನ್ನರಿಯುವ ಕುತೂಹಲ ಸಹಜ. ಆದರೆ ಆ ಕುತೂಹಲವೇ ಮೋಸಕ್ಕೆ ದಾರಿಯಾಗಬಾರದು.

ಕೆಲವು ತಿಂಗಳ ಹಿಂದೆ ನಮ್ಮ ಓಣಿಯ ತಾಯಿಯೊಬ್ಬರು ಐದನೆಯ ಜಾರ್ಜ್ ದೊರೆಯ 1918ರ ರೂಪಾಯಿಯೊಂದನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದರು. ಅದನ್ನು ಎರಡು ಲಕ್ಷಕ್ಕೆ ಕೊಳ್ಳುವುದಾಗಿ ಅವರ ಮೊಬೈಲಿಗೆ ಸಂದೇಶ ಬಂದಿತ್ತು. ಮೊದಲು ನೋಂದಣಿಗಾಗಿ ಮೂರು ಸಾವಿರ ಕಳುಹಿಸಬೇಕೆಂಬುದು ಕರಾರು. ಮಗಳ ಕಾಲೇಜು ಶುಲ್ಕಕ್ಕೆ ಕೂಡಿಟ್ಟ ಹಣದಿಂದ ಅದನ್ನು ತೆಗೆಯುವ ಮುನ್ನ ಒಂದು ಮಾತು ಕೇಳಲು ಬಂದಿದ್ದರು.

ನಾಣ್ಯದ ಬೆಲೆಯನ್ನು ನಿರ್ಧರಿಸುವವು ಮೂರು: ವಿರಳತೆ, ಲೋಹ ಮತ್ತು ಸ್ಥಿತಿ. ಹಳೆಯದಾದ ಮಾತ್ರಕ್ಕೆ ನಾಣ್ಯ ವಿರಳವಾಗದು. ಮೊದಲ ಮಹಾಯುದ್ಧದ ಕಾಲದಲ್ಲಿ ರೂಪಾಯಿಗೆ ಬೇಡಿಕೆ ಮಿತಿಮೀರಿದಾಗ ಅಮೆರಿಕದಿಂದ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ತರಿಸಬೇಕಾಯಿತು. 1918ರಲ್ಲಿ ಕಲ್ಕತ್ತ ಮತ್ತು ಮುಂಬಯಿ ಟಂಕಸಾಲೆಗಳು 40 ಕೋಟಿಗೂ ಮಿಕ್ಕಿ ರೂಪಾಯಿಗಳನ್ನು ಅಚ್ಚು ಹಾಕಿದವು. ಆದರೆ 1911ರ ರೂಪಾಯಿಯ ಕಥೆ ಬೇರೆ. ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಆಕ್ಷೇಪ ಬಂದುದರಿಂದ, ಹಂಚದೆ ಉಳಿದವುಗಳಲ್ಲಿ ಬಹುಪಾಲನ್ನು ಕರಗಿಸಿ, 1912ರಲ್ಲಿ ಚಿತ್ರವನ್ನು ತಿದ್ದಿದರು. ಆದುದರಿಂದಲೇ ಅದಕ್ಕೆ ಹೆಚ್ಚಿನ ಬೆಲೆ.

ಇನ್ನು ಲೋಹ. ಈ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಒಂದು ತೊಲ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಹೊಸದಿದ್ದಾಗ 10.69 ಗ್ರಾಂ ಶುದ್ಧ ಬೆಳ್ಳಿ ಇದ್ದಿತು. ಸವೆದಷ್ಟೂ ಅದು ಕಡಿಮೆ. ಅಂದಿನ ಬೆಳ್ಳಿಯ ದರದಿಂದ ಗುಣಿಸಿದರೆ ಬರುವುದು ನಾಣ್ಯದ ಕನಿಷ್ಠ ಬೆಲೆ. 1940ರಿಂದ ಬಂದ ಬೆಳ್ಳಿ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತೆಂಬುದನ್ನು ಮರೆಯಬಾರದು.

ಸ್ಥಿತಿಯನ್ನು ಅರಿಯಲು ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಓರೆಯಾಗಿ ಬೀಳುವ ಬೆಳಕಿನಲ್ಲಿ ಭೂತಗನ್ನಡಿಯಿಂದ ನೋಡಬೇಕು. ಉಬ್ಬಿದ ಭಾಗಗಳೇ ಮೊದಲು ಸವೆಯುವವು: ಕಿರೀಟದ ಮುತ್ತುಗಳು, ಹುಬ್ಬು, ಕಿವಿ, ಗಡ್ಡದ ಎಳೆಗಳು, ಭುಜದ ಬಳಿಯ ಆನೆ. ಇವೆಲ್ಲ ಬಿಡಿಬಿಡಿಯಾಗಿ ಕಂಡು, ಟಂಕಸಾಲೆಯ ಮೂಲ ಕಾಂತಿಯೂ ಉಳಿದಿದ್ದರೆ ಅದು ಚಲಾವಣೆ ಕಾಣದ ನಾಣ್ಯ. ಎಳೆಗಳು ತುಸು ಮಾಸಿದ್ದರೆ ಉತ್ತಮ. ಬರಿಯ ಹೊರರೇಖೆ ಉಳಿದಿದ್ದರೆ ಸಾಧಾರಣ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ತಾಯಿಯವರ ಪೆಟ್ಟಿಗೆಯಲ್ಲಿ ದೊರೆತ ರೂಪಾಯಿ ಕಪ್ಪಾಗಿದೆಯೆಂದು, ಪೂಜೆಯ ಗಿಂಡಿಯನ್ನು ಬೆಳಗುವಂತೆ ಹುಣಸೆಹುಳಿ, ವಿಭೂತಿ ಹಾಕಿ ತಿಕ್ಕಿದೆ. ನಾಣ್ಯ ಥಳಥಳಿಸಿತು, ಆದರೆ ಮೈತುಂಬ ಸೂಕ್ಷ್ಮ ಗೀರುಗಳು ಬಿದ್ದವು. ಸಂಗ್ರಾಹಕರು ಬಯಸುವುದು ಕಾಲವು ತಂದ ಆ ಕಪ್ಪು ಛಾಯೆಯನ್ನೇ ಎಂಬುದು ನನಗೆ ತಿಳಿದದ್ದು ಅನಂತರ.

ಆ ತಾಯಿಯ ನಾಣ್ಯದಲ್ಲಿ ಆನೆ ಮಾಸಿ ಚಪ್ಪಟೆಯಾಗಿತ್ತು, ಕಿರೀಟದ ಮುತ್ತುಗಳು ಒಂದಾಗಿದ್ದವು. ಅಂಚಿನಲ್ಲಿ ಬೆಸುಗೆಯ ಗುರುತು. ಎಂದೋ ರೂಪಾಯಿ ಸರಕ್ಕೆ ಕೊಂಡಿ ಹಾಕಿಸಿದ್ದರು. ಅದಕ್ಕೆ ಬೆಳ್ಳಿಯ ಬೆಲೆಯಷ್ಟೇ ಸಂದೀತೆಂದು ಹೇಳುವಾಗ ನನಗೂ ಸಂಕಟವಾಯಿತು. ಅವರು ಕ್ಷಣಕಾಲ ಮೌನವಾಗಿದ್ದು, “ಮೂರು ಸಾವಿರವಾದರೂ ಉಳಿಯಿತಲ್ಲ” ಎಂದರು.

ಇಂತಹ ವ್ಯವಹಾರವನ್ನು ತಾನು ನಡೆಸುವುದಿಲ್ಲ, ಅದಕ್ಕೆ ಶುಲ್ಕವನ್ನೂ ಕೇಳುವುದಿಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳಬಾರದು. ಮಾರಲೇಬೇಕಾದರೆ ಇಬ್ಬರು ಮೂವರಿಗೆ ತೋರಿಸಿರಿ. ಅಲ್ಲಿಯವರೆಗೆ ತಿಕ್ಕದೆ, ತೊಳೆಯದೆ ಒಣ ಕಾಗದದಲ್ಲಿ ಸುತ್ತಿಡಿರಿ. ಆ ತಾಯಿ ತಮ್ಮ ರೂಪಾಯಿಯನ್ನು ಮಾರಲಿಲ್ಲ. ಅತ್ತೆಯವರ ಸರದ್ದೆಂದು ಮಗಳಿಗೆ ಕೊಟ್ಟಿದ್ದಾರೆ.