ಆಟಿ ತಿಂಗಳ ಮಿತಾಹಾರದ ರಸಾಯನ

ಸುಳ್ಯ ಪೇಟೆಯಿಂದ ಪಯಸ್ವಿನಿ ದಾಟಿದರೆ ಅಜ್ಜಾವರ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯಿದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಗದ್ದೆಯನ್ನು ನಂಬಿ ಬದುಕುತ್ತಿದ್ದ ಕಾಲದಲ್ಲಿ ಆಟಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳು, ಇಲ್ಲಿನ ಮನೆಗಳಿಗೆ ಕಠಿಣ ಸಮಯ. ಹಳೆಯ ಬೆಳೆಯ ಅಕ್ಕಿಮುಡಿ ತಳ ಕಾಣುತ್ತಿತ್ತು. ಮಳೆಗಾಲದ ಭತ್ತವಾದ ಏಣಿಲು ಬೆಳೆಯ ಕೊಯ್ಲು ದೂರವಿತ್ತು. ತೋಟ, ಗುಡ್ಡ, ಹಿತ್ತಿಲುಗಳಲ್ಲಿ ಸಿಕ್ಕಿದ್ದರಲ್ಲೇ ದಿನ ದೂಡಬೇಕಿತ್ತು.

ಹಾಗೆ ಸಿಕ್ಕಿದ್ದರಲ್ಲಿ ಕೆಲವು ಬೇಗ ಕೊಳೆಯುವಂಥವು, ಕೆಲವು ವಿಷವಿರುವಂಥವು. ಅವು ಆಹಾರವಾದದ್ದು ಕಟ್ಟುನಿಟ್ಟಾದ ವಿಧಾನದಿಂದ. ಆಟಿಯ ಊಟವನ್ನು ಬಡತನದ ನೆನಪಾಗಿ ನೋಡುವವರು ಈ ವಿಧಾನವನ್ನೂ ಗಮನಿಸಬೇಕು.

ಮೊದಲು ಉಪ್ಪುಸೊಳೆ. ಬೇಸಿಗೆಯಲ್ಲಿ ಬಲಿತ, ಹಣ್ಣಾಗದ ಹಲಸಿನ ಸೊಳೆಗೆ ಕಲ್ಲುಪ್ಪು ಬೆರೆಸಿ ಭರಣಿಯಲ್ಲಿ ಒತ್ತಿ, ಮೇಲೆ ಭಾರ ಇಡುತ್ತಾರೆ. ಉಪ್ಪು ಸೊಳೆಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಆ ಗಾಢ ಉಪ್ಪುನೀರಿನಲ್ಲಿ ಕೊಳೆಸುವ ಸೂಕ್ಷ್ಮಜೀವಿಗಳೂ ತಮ್ಮ ನೀರನ್ನು ಕಳೆದುಕೊಂಡು ಬೆಳೆಯಲಾರವು. ಭಾರ ಇಡುವುದು ಸೊಳೆ ತೇಲಿ ಗಾಳಿಗೆ ತೆರೆದುಕೊಳ್ಳದಿರಲಿ ಎಂದು. ಗಾಳಿ ತಾಗಿದಲ್ಲಿ ಬೂಸಲು ಹಿಡಿಯುತ್ತದೆ. ಬಳಸುವ ಮುನ್ನ ನೀರಿನಲ್ಲಿ ನೆನೆಸಿಟ್ಟರೆ ಉಪ್ಪು ಹೊರಬರುತ್ತದೆ. ಆ ಮೇಲೆ ರೊಟ್ಟಿಯೋ ಪಲ್ಯವೋ ಆಗುತ್ತದೆ.

ಹಲಸಿನ ಬೀಜದ ಸ್ವಭಾವ ಬೇರೆ. ಭತ್ತವನ್ನು ಒಣಗಿಸಿಟ್ಟರೆ ಅದರ ಮೊಳೆಯುವ ಶಕ್ತಿ ಉಳಿಯುತ್ತದೆ. ಹಲಸಿನ ಬೀಜ ಒಣಗಿದರೆ ಸಾಯುತ್ತದೆ. ಆದ್ದರಿಂದ ಅದಕ್ಕೆ ಕೆಮ್ಮಣ್ಣು ಸವರಿ ತಂಪಾದ ಮೂಲೆಯಲ್ಲಿ ರಾಶಿ ಹಾಕುತ್ತಿದ್ದರು. ಮಣ್ಣಿನ ಪದರ ತೇವ ಆರಿಹೋಗುವುದನ್ನು ತಡೆದು ಬೀಜವನ್ನು ಜೀವಂತವಾಗಿಡುತ್ತದೆ. ಬಹುಕಾಲ ಇಡಬೇಕಾದ ಬೀಜವನ್ನು ಉಪ್ಪು ಹಾಕಿ ಬೇಯಿಸಿ, ಗಟ್ಟಿಯಾಗಿ ಒಣಗಿಸಿ ಸಾಂತಾಣಿ ಮಾಡುತ್ತಿದ್ದರು. ಹಸಿ ಬೀಜದಲ್ಲಿ ಪ್ರೋಟೀನ್ ಜೀರ್ಣವಾಗುವುದಕ್ಕೆ ಅಡ್ಡಿಯಾಗುವ ಅಂಶವಿದೆ. ಬೇಯಿಸಿದಾಗ ಅದು ತಗ್ಗುತ್ತದೆ.

ಹೆಚ್ಚಿನ ಎಚ್ಚರ ಬೇಕಾದದ್ದು ಕಣಿಲೆಗೆ, ಅಂದರೆ ಬಿದಿರಿನ ಮೊಳಕೆಗೆ. ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಎಂಬ ಸಂಯುಕ್ತವಿದೆ. ಕಣಿಲೆಯನ್ನು ಕೊಚ್ಚಿದಾಗ ಜೀವಕೋಶಗಳು ಒಡೆದು, ಅದರದೇ ಕಿಣ್ವ ಈ ಸಂಯುಕ್ತವನ್ನು ಸೀಳುತ್ತದೆ. ಆಗ ಹೊರಬರುವುದು ಹೈಡ್ರೋಜನ್ ಸಯನೈಡ್. ಸಣ್ಣಗೆ ಹೆಚ್ಚಿ ಎರಡು ಮೂರು ದಿನ ನೆನೆಸಿ, ದಿನವೂ ನೀರು ಬದಲಿಸುವ ಕ್ರಮ ಹುಟ್ಟಿದ್ದು ಇದಕ್ಕಾಗಿ. ಚೂರು ಸಣ್ಣದಾದಷ್ಟೂ ವಿಷ ಬೇಗ ಬಿಡುಗಡೆಯಾಗಿ ನೀರಿಗಿಳಿಯುತ್ತದೆ. ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ, ಮುಚ್ಚಳ ತೆಗೆದು ಬೇಯಿಸಿದಾಗ ಉಳಿದದ್ದೂ ಆವಿಯಾಗಿ ಹೋಗುತ್ತದೆ. ಆ ಹೆಸರುಗಳು ಗೊತ್ತಿಲ್ಲದವರು ಕ್ರಮವನ್ನು ಮಾತ್ರ ತಪ್ಪದೆ ಪಾಲಿಸಿದರು.

ಆಟಿ ಅಮಾವಾಸ್ಯೆಯ ಬೆಳಗ್ಗೆ ಕುಡಿಯುವ ಪಾಲೆ ಮರದ ಕೆತ್ತೆಯ ಕಷಾಯವೂ ಇದೇ ಸಾಲಿನದು. ಕೆತ್ತೆಯನ್ನು ಕರಿಮೆಣಸು, ಬೆಳ್ಳುಳ್ಳಿ, ಓಮದ ಜೊತೆ ಅರೆದು, ಕಾದ ಬೆಣಚುಕಲ್ಲನ್ನು ರಸಕ್ಕೆ ಹಾಕುತ್ತಾರೆ. ಇದರ ಕಹಿಯ ಹಿಂದೆ ಎಕಿಟಮೈನ್ ಮೊದಲಾದ ಆಲ್ಕಲಾಯ್ಡ್‌ಗಳಿವೆ. ವರ್ಷವಿಡೀ ರೋಗ ಬಾರದಂತೆ ಕಾಯುತ್ತದೆ ಎಂಬುದು ನಂಬಿಕೆ. ಅದನ್ನು ವಿಜ್ಞಾನ ಸಾಧಿಸಿ ತೋರಿಸಿಲ್ಲ. ಮರದ ಗುರುತು ತಪ್ಪಬಾರದೆಂಬುದು ಮಾತ್ರ ಜೀವದ ಪ್ರಶ್ನೆ. ಇದೇ ನೆಲದಲ್ಲಿ ಬೆಳೆಯುವ ಕಾಸರಕದ ತೊಗಟೆಯಲ್ಲೂ ಬೀಜದಲ್ಲೂ ಸ್ಟ್ರಿಕ್ನಿನ್‌ನಂಥ ಮಾರಕ ವಿಷಗಳಿವೆ.

ಇಂದು ಊರೂರಲ್ಲಿ ಆಟಿಯ ತಿನಿಸುಗಳ ಕಾರ್ಯಕ್ರಮ ನಡೆಯುತ್ತದೆ. ಕಣಿಲೆ, ಪತ್ರೊಡೆಗಳನ್ನು ಮಕ್ಕಳು ಸವಿಯುತ್ತಾರೆ. ಇದು ಸಂತೋಷದ ವಿಷಯ. ಆದರೆ ಬಡಿಸುವ ತಟ್ಟೆಯಲ್ಲಿ ನೆನೆಸಿದ ದಿನಗಳಾಗಲಿ, ಚೆಲ್ಲಿದ ನೀರಾಗಲಿ ಕಾಣುವುದಿಲ್ಲ. ಅಂಗಡಿ ತುಂಬಿರುವ ಕಾಲದಲ್ಲಿ ಮಿತವಾಗಿ ಬದುಕುವುದು ನಮ್ಮ ಆಯ್ಕೆ. ಆ ಕಾಲದವರಿಗೆ ಅದು ಅನಿವಾರ್ಯವಾಗಿತ್ತು. ಅವರ ಹಸಿವನ್ನು ವೈಭವೀಕರಿಸಬೇಕಾಗಿಲ್ಲ. ಅವರ ಜ್ಞಾನವನ್ನು ಪೂರ್ತಿಯಾಗಿ ಉಳಿಸಿಕೊಳ್ಳಬೇಕಾಗಿದೆ. ಶಾಲೆಗಳಲ್ಲಿ ಆಟಿಯ ದಿನ ಆಚರಿಸುವಾಗ ಊರಿನ ಹಿರಿಯ ಹೆಂಗಸರನ್ನು ಕರೆಸಿ, ಹೆಚ್ಚುವುದರಿಂದ ಬೇಯಿಸುವವರೆಗಿನ ಪ್ರತಿ ಹಂತವನ್ನೂ ಕಾರಣದೊಂದಿಗೆ ಮಕ್ಕಳಿಗೆ ಕಲಿಸಲಿ. ಅಡುಗೆಯ ಹೆಸರೊಂದೇ ಉಳಿದು ಕ್ರಮ ಮರೆತುಹೋದರೆ, ಒಂದು ಕಾಲದಲ್ಲಿ ಜೀವ ಉಳಿಸಿದ ಆಹಾರವೇ ಅಪಾಯಕಾರಿಯಾದೀತು.