ಮಕ್ಕಳ ಹಾಕಿ ಅಕಾಡೆಮಿ: ಹಸು ಮಾರಿ ಶುಲ್ಕ ಕಟ್ಟುವ ಮುನ್ನ



ಕಳೆದ ತಿಂಗಳು ಸೋಮವಾರಪೇಟೆ ಕಡೆಯ ಒಂದು ಸಂಘದಲ್ಲಿ ಬರಡು ರಾಸುಗಳ ಚಿಕಿತ್ಸಾ ಶಿಬಿರವಿತ್ತು. ಶಿಬಿರ ಮುಗಿದು ಕೈ ತೊಳೆಯುತ್ತಿದ್ದಾಗ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಡಾಕ್ಟ್ರೇ, ನಮ್ಮ ಎರಡು ಎಚ್.ಎಫ್. ಹಸುಗೆ ಈಗ ಎಷ್ಟು ಬೆಲೆ ಬರಬಹುದು, ಒಂದ್ಸಲ ನೋಡಿ ಹೇಳಿ" ಎಂದರು. ಹೋಗಿ ನೋಡಿದೆ. ಎರಡೂ ಎರಡನೆಯ ಸೂಲಿನವು. ಒಂದು ಐದು ತಿಂಗಳ ಗಬ್ಬ. ಕೆಚ್ಚಲು ಚೆನ್ನಾಗಿದೆ, ಕಾಯಿಲೆ ಏನೂ ಇಲ್ಲ. ಇಂಥ ಹಸುಗಳನ್ನು ಯಾರೂ ಮಾರುವುದಿಲ್ಲ. ಕಾರಣ ಕೇಳಿದಾಗ ಅವರು ಜೇಬಿನಿಂದ ಬಣ್ಣದ ಕರಪತ್ರವೊಂದನ್ನು ತೆಗೆದು ಕೊಟ್ಟರು.

ಅದು ಒಂದು ಖಾಸಗಿ ವಸತಿ ಹಾಕಿ ಅಕಾಡೆಮಿಯ ಕರಪತ್ರ. ವರ್ಷಕ್ಕೆ ಎರಡೂವರೆ ಲಕ್ಷ ರೂಪಾಯಿ ಶುಲ್ಕ. ಅವರ ಹದಿಮೂರು ವರ್ಷದ ಮಗ ಶಾಲಾ ತಂಡದಲ್ಲಿ ಚೆನ್ನಾಗಿ ಆಡುತ್ತಾನೆ. ಕರಪತ್ರದ ಮೊದಲ ಪುಟದಲ್ಲಿ 2024ರ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ 78 ಲಕ್ಷ ರೂಪಾಯಿ ಸಿಕ್ಕಿದ್ದನ್ನು ದಪ್ಪಕ್ಷರದಲ್ಲಿ ಹಾಕಿದ್ದರು. ಹರ್ಮನ್‌ಪ್ರೀತ್ ಆ ಅಕಾಡೆಮಿಯಲ್ಲಿ ಕಲಿತವರೇನೂ ಅಲ್ಲ, ಅವರು ಪಂಜಾಬಿನ ರೈತನ ಮಗ.

ಪಶುವೈದ್ಯನಿಗೆ ಹಾಕಿಯ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಈ ವರ್ಷ ಇದೇ ಕಾರಣಕ್ಕೆ ಹಸು ಮಾರುವ ಮಾತು ನನ್ನ ಕಿವಿಗೆ ಬಿದ್ದದ್ದು ಇದು ಮೂರನೆಯ ಸಲ. ಕೊಡಗಿನಲ್ಲಿ ಹಾಕಿ ಎಂದರೆ ಹಬ್ಬ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ಈಗ ಮುನ್ನೂರಕ್ಕೂ ಹೆಚ್ಚು ಕುಟುಂಬಗಳ ತಂಡಗಳು ಆಡುತ್ತವೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಿಂದ ಹಿಡಿದು ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರವರೆಗೆ ಈ ಮಣ್ಣಿನಿಂದ ಹೋದವರ ಹೆಸರು ಮನೆಮಾತಾಗಿದೆ. ಇಂಥ ಕಡೆ ಹುಡುಗನ ಕೈಯಲ್ಲಿ ಸ್ಟಿಕ್ ನೋಡಿದ ತಂದೆಗೆ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ನಾನು ಹಳಿಯುವುದಿಲ್ಲ. ಆದರೆ ಕೊಟ್ಟಿಗೆಯ ಲೆಕ್ಕವನ್ನು ಮಾತ್ರ ಮೊದಲು ಮಾಡಿಕೊಳ್ಳಬೇಕು.

ದಿನಕ್ಕೆ ಸರಾಸರಿ 10 ಲೀಟರ್ ಕೊಡುವ ಹಸು 300 ದಿನಕ್ಕೆ 3,000 ಲೀಟರ್ ಕೊಡುತ್ತದೆ. ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ 1,05,000 ರೂಪಾಯಿ ಬಟವಾಡೆ. ಹಾಲಿನ ಉತ್ಪಾದನಾ ವೆಚ್ಚದಲ್ಲಿ ಮೇವು ಮತ್ತು ಪಶು ಆಹಾರದ ಪಾಲೇ ನೂರಕ್ಕೆ 60-70ರಷ್ಟು ಎಂಬುದು ತಮಗೆ ತಿಳಿದ ವಿಷಯ. ಅದನ್ನು, ಔಷಧಿ, ವಿಮೆ, ಆಳಿನ ಕೂಲಿ ಎಲ್ಲವನ್ನೂ ಕಳೆದರೆ ಒಂದು ಹಸುವಿನಿಂದ ವರ್ಷಕ್ಕೆ 35,000 ರೂಪಾಯಿ ಕೈಯಲ್ಲಿ ಉಳಿದರೆ ಅದೃಷ್ಟ. ಅಕಾಡೆಮಿಯ ಎರಡೂವರೆ ಲಕ್ಷ ಶುಲ್ಕದ ಜೊತೆಗೆ ಸ್ಟಿಕ್, ಟರ್ಫ್ ಬೂಟು, ಪಂದ್ಯಾವಳಿಗಳ ಪ್ರಯಾಣ, ರಜೆಯಲ್ಲಿ ಬಂದುಹೋಗುವ ಖರ್ಚು ಸೇರಿ ಮೂರು ಲಕ್ಷವಾಗುತ್ತದೆ. ಅಂದರೆ ಎಂಟರಿಂದ ಒಂಬತ್ತು ಹಸುಗಳ ವರ್ಷದ ಉಳಿತಾಯ! ಆ ಸದಸ್ಯರ ಬಳಿ ಇರುವುದು ನಾಲ್ಕು ಹಸು. ಎರಡನ್ನು ಮಾರಿದರೆ ಬರುವ ಒಂದೂಕಾಲು ಲಕ್ಷ ಮೊದಲ ವರ್ಷದ ಅರ್ಧಕ್ಕೂ ಸಾಲದು. ಮುಂದಿನ ವರ್ಷಕ್ಕೆ ಉಳಿದೆರಡರ ಹಾಲಿನಿಂದ ಏನು ಕಟ್ಟುವುದು? ಹದಿಮೂರರಿಂದ ಹದಿನೆಂಟರವರೆಗೆ ಐದು ವರ್ಷಕ್ಕೆ ಹದಿನೈದು ಲಕ್ಷ. ಮಾರಿದ ಹಸುವಿನ ಜೊತೆ ಅದರ ಮುಂದಿನ ಸೂಲುಗಳ ಹಾಲು, ಹೆಣ್ಣುಕರುಗಳೂ ಹೋಗುತ್ತವೆ. ಅದನ್ನು ಯಾವ ಕರಪತ್ರದಲ್ಲೂ ಬರೆದಿರುವುದಿಲ್ಲ.

ಇನ್ನು ಆ ಹಣಕ್ಕೆ ಏನು ಸಿಗುತ್ತದೆ? ಹಾಕಿಯಲ್ಲಿ ಮುಖ್ಯವಾದದ್ದು ಟರ್ಫ್. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಆ ಕೂಟದ ಹಾಕಿ ಪಂದ್ಯಗಳೆಲ್ಲ ಕೃತಕ ಹುಲ್ಲಿನ ಮೇಲೆಯೇ ನಡೆಯುತ್ತವೆ. ಅದುವರೆಗೆ ಮೆರೆದಿದ್ದ ಭಾರತ ಆ ವರ್ಷ ಏಳನೆಯ ಸ್ಥಾನಕ್ಕೆ ಇಳಿಯಿತು. ಮಣ್ಣಿನ ಮೈದಾನದಲ್ಲಿ ಚೆಂಡು ಪುಟಿಯುತ್ತದೆ, ತಡೆಯಲು ಸಮಯ ಸಿಗುತ್ತದೆ. ಟರ್ಫಿನಲ್ಲಿ ಅದು ಜಾರಿಕೊಂಡು ವೇಗವಾಗಿ ಬರುತ್ತದೆ. ಟರ್ಫಿನ ಅಭ್ಯಾಸವಿಲ್ಲದ ಹುಡುಗ ಆಯ್ಕೆ ಪಂದ್ಯಗಳಲ್ಲಿ ತಡವರಿಸುತ್ತಾನೆ, ನಿಜ. ಆದ್ದರಿಂದ ಅಕಾಡೆಮಿಗೆ ಹೋದಾಗ ಹಾಸ್ಟೆಲಿನ ಗೋಡೆಯ ಬಣ್ಣ ನೋಡಬೇಡಿ. ಟರ್ಫ್ ಅವರ ಸ್ವಂತದ್ದೋ ಬಾಡಿಗೆಯದ್ದೋ, ವಾರಕ್ಕೆ ಎಷ್ಟು ದಿನ ಮಕ್ಕಳು ಅದರ ಮೇಲೆ ಇಳಿಯುತ್ತಾರೆ, ಒಬ್ಬ ತರಬೇತುದಾರನಿಗೆ ಎಷ್ಟು ಮಕ್ಕಳು, ವರ್ಷಕ್ಕೆ ಹೊರಗಿನ ತಂಡಗಳೊಂದಿಗೆ ಎಷ್ಟು ಪಂದ್ಯ ಎಂಬುದನ್ನು ಕೇಳಿ. ಕೇಳಿದರೆ ಸಾಲದು, ತಿಳಿಸದೆ ಒಂದು ದಿನ ಬೆಳಿಗ್ಗೆ ಆರು ಗಂಟೆಗೆ ಹೋಗಿ ನಿಂತು ನೋಡಿ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮಗಳು ಏಳನೆಯ ತರಗತಿಯಲ್ಲಿದ್ದಾಗ ಅವಳನ್ನು ಹೊರಜಿಲ್ಲೆಯ ಒಂದು ವಸತಿ ಅಕಾಡೆಮಿಗೆ ಸೇರಿಸಿದೆ. ಹೆಸರು ಬೇಡ. ಭವಿಷ್ಯನಿಧಿಯಿಂದ ಮುಂಗಡ ತೆಗೆದು ಎರಡು ವರ್ಷ ಶುಲ್ಕ ಕಟ್ಟಿದೆ. ನಲವತ್ತೆಂಟು ಮಕ್ಕಳಿಗೆ ಒಬ್ಬರೇ ತರಬೇತುದಾರರು ಎಂದು ನನಗೆ ತಿಳಿದದ್ದು ಎಂಟು ತಿಂಗಳ ನಂತರ. ಟರ್ಫ್ ಬಾಡಿಗೆಯದ್ದು, ವಾರಕ್ಕೆ ಎರಡೇ ದಿನ. ಕರಪತ್ರದಲ್ಲಿದ್ದ ಪ್ರಸಿದ್ಧ ಆಟಗಾರ ಅಲ್ಲಿ ಒಂದು ಬೇಸಿಗೆ ಶಿಬಿರಕ್ಕೆ ಬಂದು ಹೋದವರಷ್ಟೇ. ಮಗಳು ಮಂಡಿನೋವು ಹಚ್ಚಿಕೊಂಡು ಮನೆಗೆ ಬಂದಳು. ಅವಳು ಮೊದಲ ಆರು ತಿಂಗಳಲ್ಲೇ ಫೋನಿನಲ್ಲಿ ಹೇಳಿದ್ದಳು, ನಾನೇ "ಹೊಂದಿಕೊಳ್ಳಮ್ಮ" ಎಂದಿದ್ದೆ. ಕಟ್ಟಿದ ಹಣದ ಮೇಲಿನ ಮೋಹ ಮಗಳ ಮಾತನ್ನು ಕೇಳಲು ಬಿಡಲಿಲ್ಲ. ಈಗ ಅವಳು ಪಿ.ಯು. ಓದುತ್ತಿದ್ದಾಳೆ, ಕಾಲೇಜು ತಂಡದಲ್ಲಿ ಸಂತೋಷವಾಗಿ ಆಡುತ್ತಾಳೆ. ಮುಂಗಡದ ಕಂತು ನನ್ನ ಸಂಬಳದಲ್ಲಿ ಇನ್ನೂ ಕಡಿತವಾಗುತ್ತಿದೆ.

ನನ್ನ ವೃತ್ತಿಯಲ್ಲಿ ಕಲಿತದ್ದನ್ನೇ ಅಂದು ನಾನು ಮರೆತಿದ್ದೆ. ಹೋರಿಯೊಂದು ಒಳ್ಳೆಯದೋ ಅಲ್ಲವೋ ಎಂದು ನಾವು ಹೇಗೆ ನಿರ್ಧರಿಸುತ್ತೇವೆ? ಅದರ ಮೈಕಟ್ಟು ನೋಡಿಯಲ್ಲ, ಅದಕ್ಕೆ ಹುಟ್ಟಿದ ಒಂದು ಒಳ್ಳೆಯ ಹಸುವನ್ನು ನೋಡಿಯೂ ಅಲ್ಲ. ಬೇರೆ ಬೇರೆ ಹಳ್ಳಿಗಳಲ್ಲಿ ಅದಕ್ಕೆ ಹುಟ್ಟಿದ ಎಲ್ಲ ಹೆಣ್ಣುಕರುಗಳ ಹಾಲನ್ನು ಅಳೆದು ಸರಾಸರಿ ನೋಡುತ್ತೇವೆ. ಇದಕ್ಕೆ ಸಂತತಿ ಪರೀಕ್ಷೆ ಎನ್ನುತ್ತಾರೆ. ಅಕಾಡೆಮಿಗೂ ಇದೇ ಪರೀಕ್ಷೆ ಮಾಡಿ. ಗೋಡೆಯ ಮೇಲೆ ತೂಗುಹಾಕಿದ ಒಂದು ಫೋಟೋ ಸಾಲದು. "ಐದು ವರ್ಷದ ಹಿಂದೆ ಸೇರಿದ ಮಕ್ಕಳ ಪಟ್ಟಿ ಕೊಡಿ, ಅವರೆಲ್ಲ ಈಗ ಎಲ್ಲಿದ್ದಾರೆ?" ಎಂದು ಕೇಳಿ. ಮೂವತ್ತು ಜನ ಸೇರಿದ್ದರೆ ರಾಜ್ಯ ತಂಡಕ್ಕೆ ಎಷ್ಟು ಜನ, ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಎಷ್ಟು ಜನ, ನಡುವೆಯೇ ಬಿಟ್ಟವರೆಷ್ಟು, ಹತ್ತನೆಯ ತರಗತಿ ಪಾಸಾದವರೆಷ್ಟು ಎಂದು ಕೇಳಿ. ಉತ್ತರ ಕೊಡಲು ತಡಬಡಿಸಿದರೆ ಆ ತಡಬಡಿಕೆಯೇ ಉತ್ತರ. ಬಿಟ್ಟುಹೋದ ಒಬ್ಬ ಹುಡುಗನ ತಂದೆಯ ಜೊತೆ ಹತ್ತು ನಿಮಿಷ ಮಾತನಾಡಿದರೆ ನಿಮಗೆ ಇನ್ನೂ ಹೆಚ್ಚು ತಿಳಿಯುತ್ತದೆ.

ಮೇಲೆ ಹೋಗುವ ಬಾಗಿಲು ಎಷ್ಟು ಕಿರಿದು ಎಂಬುದೂ ನೆನಪಿರಲಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ನಮ್ಮ ಪುರುಷರ ತಂಡ 16 ಜನರದ್ದು. ಹಾಕಿಯ ತವರೆಂದು ನಾವು ಹೇಳಿಕೊಳ್ಳುವ ಕರ್ನಾಟಕದಿಂದ ಆ ತಂಡದಲ್ಲಿ ಒಬ್ಬರೂ ಇರಲಿಲ್ಲ.

ಹದಿಮೂರರ ವಯಸ್ಸಿನಲ್ಲಿ ಚೆನ್ನಾಗಿ ಆಡುವವನು ಹತ್ತೊಂಬತ್ತರಲ್ಲೂ ಆಡಿಯೇ ಆಡುತ್ತಾನೆ ಎಂಬ ಭರವಸೆಯಿಲ್ಲ. ಕೆಲವು ಹುಡುಗರು ಬೇಗ ಬೆಳೆಯುತ್ತಾರೆ. ಗಂಡುಮಕ್ಕಳಲ್ಲಿ ಎತ್ತರ ಚುರುಕಾಗಿ ಏರುವುದು ಸುಮಾರು ಹದಿನಾಲ್ಕರ ಹೊತ್ತಿಗೆ, ಹೆಣ್ಣುಮಕ್ಕಳಲ್ಲಿ ಸುಮಾರು ಹನ್ನೆರಡರ ಹೊತ್ತಿಗೆ. ಒಬ್ಬನಿಗೆ ಅದು ಎರಡು ವರ್ಷ ಮೊದಲೇ ಬಂದರೆ ಅವನು ಜೊತೆಯವರನ್ನು ತಳ್ಳಿಕೊಂಡು ಮುನ್ನುಗ್ಗುತ್ತಾನೆ, ನಾವು ಅದನ್ನು ಪ್ರತಿಭೆ ಎನ್ನುತ್ತೇವೆ. ಉಳಿದವರು ಬೆಳೆದ ಮೇಲೆ ವ್ಯತ್ಯಾಸ ಕರಗುತ್ತದೆ. ಕೆನಡಾ ದೇಶದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ ಇದೆ. ಅಲ್ಲಿ ವಯೋಮಿತಿಯನ್ನು ಜನವರಿ 1ರಿಂದ ಲೆಕ್ಕ ಹಾಕುತ್ತಾರೆ. 1980ರ ದಶಕದಲ್ಲಿ ಅಲ್ಲಿನ ಸಂಶೋಧಕರು ಆಯ್ಕೆಯಾದ ಆಟಗಾರರ ಹುಟ್ಟಿದ ತಿಂಗಳನ್ನು ನೋಡಿದಾಗ ಜನವರಿಯಿಂದ ಮಾರ್ಚ್ ನಡುವೆ ಹುಟ್ಟಿದವರೇ ಬಹಳ ಹೆಚ್ಚಾಗಿದ್ದರು. ಡಿಸೆಂಬರಿನಲ್ಲಿ ಹುಟ್ಟಿದವನಿಗಿಂತ ಅವರು ಸುಮಾರು ಒಂದು ವರ್ಷ ದೊಡ್ಡವರು, ಅಷ್ಟೇ.

ವಯಸ್ಸಿನ ಮಾತು ಬಂದದ್ದರಿಂದ ಒಂದು ವಿಷಯ. ಹಸುವಿನ ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ನೋಡುವಂತೆ, ಕ್ರೀಡಾ ಸಂಸ್ಥೆಗಳು ಮಕ್ಕಳ ಮಣಿಕಟ್ಟಿನ ಎಕ್ಸ್‌ರೇ ತೆಗೆದು ವಯಸ್ಸು ಅಂದಾಜು ಮಾಡುತ್ತವೆ. ದಾಖಲೆಯಲ್ಲಿ ಒಂದೆರಡು ವರ್ಷ ಇಳಿಸಿಕೊಡುತ್ತೇವೆ ಎನ್ನುವ ಕಡೆ ಮಗುವನ್ನು ಬಿಡಲೇಬೇಡಿ.

ಎಳೆಯ ಮೂಳೆಯ ವಿಷಯವೂ ಅಷ್ಟೇ ಮುಖ್ಯ. ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರ ಮೆತ್ತಗಿರುತ್ತದೆ. ಹಾಕಿಯಲ್ಲಿ ಸೊಂಟ ಬಗ್ಗಿಸಿ, ಮಂಡಿ ಮಡಿಸಿ ಓಡುವುದೇ ಹೆಚ್ಚು. ಮಂಡಿಚಿಪ್ಪಿನ ಕೆಳಗೆ ನೋವು, ಊತ ಎಂದು ಮಗು ಹೇಳಿದರೆ ಸೋಮಾರಿತನ ಎನ್ನದೆ ವೈದ್ಯರಿಗೆ ತೋರಿಸಿ. ಮಗುವಿನ ವಯಸ್ಸು ಎಷ್ಟೋ, ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ತರಬೇತಿ ಬೇಡ, ವಾರಕ್ಕೆ ಒಂದು ದಿನವಾದರೂ ಪೂರ್ತಿ ವಿರಾಮ ಬೇಕು ಎಂಬುದು ಕ್ರೀಡಾ ವೈದ್ಯರ ಸಲಹೆ. "ದಿನಕ್ಕೆ ಆರು ಗಂಟೆ ಕಠಿಣ ತರಬೇತಿ" ಎಂದು ಹೆಮ್ಮೆಯಿಂದ ಹಾಕಿದ ಕರಪತ್ರವನ್ನು ಹಿಂದಕ್ಕೆ ಕೊಟ್ಟುಬಿಡಿ.

ಹಾಗಾದರೆ ಬಡವರ ಮಕ್ಕಳು ಆಡಬಾರದೇ? ಖಂಡಿತ ಆಡಬೇಕು. ಶುಲ್ಕವಿಲ್ಲದ ದಾರಿಗಳನ್ನು ಮೊದಲು ತುಳಿಯಬೇಕು. ರಾಜ್ಯ ಸರ್ಕಾರದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಶಾಲೆಗಳು, ಕ್ರೀಡಾ ನಿಲಯಗಳು ಇವೆ. ಕೂಡಿಗೆಯ ಕ್ರೀಡಾ ಶಾಲೆ, ಪೊನ್ನಂಪೇಟೆಯ ನಿಲಯ ನಮಗೆ ಹತ್ತಿರದವು. ಎತ್ತರ, ತೂಕ, ಓಟ, ಜಿಗಿತ ಅಳೆದು, ಆಟ ನೋಡಿ ಆಯ್ಕೆ ಮಾಡುತ್ತಾರೆ. ಊಟ, ವಸತಿ, ತರಬೇತಿ ಸರ್ಕಾರದ್ದು. ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರಗಳೂ ಇವೆ. ಸೇನೆಯ ಬಾಯ್ಸ್ ಸ್ಪೋರ್ಟ್ಸ್ ಕಂಪನಿಗಳು ಎಳೆಯ ವಯಸ್ಸಿನಲ್ಲೇ ಹುಡುಗರನ್ನು ಆರಿಸಿಕೊಂಡು ಓದು, ಊಟ, ತರಬೇತಿ ಎಲ್ಲವನ್ನೂ ನೋಡಿಕೊಳ್ಳುತ್ತವೆ. ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯಂತೆ 8 ವರ್ಷ ನೆರವು ಎಂದು ಘೋಷಿಸಲಾಯಿತು. ಅದರಲ್ಲಿ ಹೆಚ್ಚಿನ ಪಾಲು ತರಬೇತಿ ಮತ್ತು ವಸತಿಯದ್ದು. ಈ ಆಯ್ಕೆಗಳಲ್ಲಿ ಎರಡು ವರ್ಷ ಪ್ರಯತ್ನಿಸಿಯೂ ಹುಡುಗ ಹತ್ತಿರಕ್ಕೂ ಬರದಿದ್ದರೆ, ಅವನ ಆಟದ ಮಟ್ಟದ ಬಗ್ಗೆ ಖರ್ಚಿಲ್ಲದೆ ಸಿಕ್ಕ ತಪಾಸಣಾ ವರದಿ ಎಂದುಕೊಳ್ಳಿ.

ಹಣ ಕೊಟ್ಟು ಕಲಿಸುವುದು ತಪ್ಪೇ ಎಂದರೆ, ಎಲ್ಲ ಸಲವೂ ಅಲ್ಲ. ಮಗ ಅಥವಾ ಮಗಳಿಗೆ ಹದಿನೈದು ದಾಟಿದೆ, ರಾಜ್ಯದ ಸಬ್ ಜೂನಿಯರ್ ತಂಡದಲ್ಲಿ ಆಡಿಯಾಗಿದೆ, ಊರಿನ ಹತ್ತಿರ ಟರ್ಫ್ ಇಲ್ಲ, ಗೋಲ್‌ಕೀಪಿಂಗೋ ನಮ್ಮ ವಿ.ಆರ್. ರಘುನಾಥ್ ಅವರು ಹೆಸರು ಮಾಡಿದ ಡ್ರ್ಯಾಗ್ ಫ್ಲಿಕ್ಕೋ ಹೇಳಿಕೊಡುವವರು ಬೇಕು ಎನ್ನುವ ಹಂತದಲ್ಲಿ ಒಳ್ಳೆಯ ಅಕಾಡೆಮಿ ಉಪಯೋಗಕ್ಕೆ ಬರುತ್ತದೆ. ಆಗಲೂ ಒಂದೊಂದೇ ವರ್ಷಕ್ಕೆ ಕಟ್ಟಿ. ನಡುವೆ ಬಿಟ್ಟರೆ ಎಷ್ಟು ಹಿಂದಿರುಗಿಸುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ರಜೆಯ ಒಂದು ತಿಂಗಳ ಶಿಬಿರಕ್ಕೆ ಕಳುಹಿಸಿ ನೋಡಿದರೆ ಇನ್ನೂ ಒಳ್ಳೆಯದು. ಹೊಸ ಮೇವಿನ ಬೀಜವನ್ನು ನಾವು ಇಡೀ ಹೊಲಕ್ಕೆ ಒಮ್ಮೆಗೇ ಬಿತ್ತುವುದಿಲ್ಲವಲ್ಲ.

ಇನ್ನೊಂದು ಮಾತು ನಮ್ಮ ಹಾಲಿನದು. ಹರಿಯಾಣದ ಶಾಹಾಬಾದ್ ಮಾರ್ಕಂಡದಲ್ಲಿ ಬಲದೇವ್ ಸಿಂಗ್ ಎಂಬ ತರಬೇತುದಾರರ ಬಳಿ ಗಾಡಿ ಎಳೆಯುವವರ ಮಗಳೊಬ್ಬಳು ಹಾಕಿ ಕಲಿಯಲು ಹೋದಳು. ಪ್ರತಿಯೊಬ್ಬರೂ ದಿನಕ್ಕೆ ಅರ್ಧ ಲೀಟರ್ ಹಾಲು ತಂದು ಕುಡಿಯಬೇಕೆಂಬ ನಿಯಮವಿತ್ತು. ಅವಳ ಮನೆಯವರಿಗೆ ಕೊಳ್ಳಲಾಗುತ್ತಿದ್ದುದು 200 ಮಿಲಿ ಲೀಟರ್. ಯಾರಿಗೂ ತಿಳಿಯದಂತೆ ಅದಕ್ಕೆ ನೀರು ಬೆರೆಸಿ ಅವಳು ಕುಡಿಯುತ್ತಿದ್ದಳು. ನೀರು ಬೆರೆಸಿದ ಹಾಲನ್ನು ಡಿಗ್ರಿ ನೋಡಿ ಹಿಂದಕ್ಕೆ ಕಳುಹಿಸುವ ಇಲಾಖೆಯವನು ನಾನು. ಆದರೂ ಈ ಒಂದು ನೀರುಹಾಲನ್ನು ಮಾತ್ರ ತಿರಸ್ಕರಿಸಲು ನನ್ನಿಂದಾಗದು. ಆ ಹುಡುಗಿಯೇ ರಾಣಿ ರಾಂಪಾಲ್. ಹದಿನೈದರ ವಯಸ್ಸಿನಲ್ಲಿ 2010ರ ವಿಶ್ವಕಪ್ ಆಡಿದರು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಮಹಿಳಾ ತಂಡದ ನಾಯಕಿಯಾಗಿದ್ದರು.

ನಮ್ಮ ಸದಸ್ಯರ ಮನೆಗಳಲ್ಲಿ ನಾನು ನೋಡುವುದೇನು? ಕ್ಯಾನು ತುಂಬಾ ಹಾಲು ಸಂಘಕ್ಕೆ, ಮೈದಾನದಿಂದ ಬಂದ ಮಗುವಿಗೆ ಕರಿ ಕಾಫಿ! ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 16 ಗ್ರಾಂ ಪ್ರೋಟೀನ್, ಸುಮಾರು 600 ಮಿಲಿಗ್ರಾಂ ಸುಣ್ಣದ ಅಂಶ ಇರುತ್ತದೆ. ಬೆಳೆಯುವ ಮಗುವಿಗೆ ದಿನಕ್ಕೆ ಬೇಕಾದ ಸುಣ್ಣದಲ್ಲಿ ಅರ್ಧಕ್ಕೂ ಹೆಚ್ಚು ಇದರಲ್ಲೇ ಬಂತು. ವರ್ಷಪೂರ್ತಿ ಕೊಟ್ಟರೂ ಬಟವಾಡೆಯಲ್ಲಿ ಕಡಿಮೆಯಾಗುವುದು ಸುಮಾರು 6,400 ರೂಪಾಯಿ.

ಆ ಸದಸ್ಯರು ಕರಪತ್ರದ ಕೊನೆಯ ದಿನಾಂಕ ಕಳೆಯಲು ಬಿಟ್ಟರು. ಮಗ ಎರಡು ದಿನ ಮಾತು ಬಿಟ್ಟಿದ್ದನಂತೆ. ಈಗ ಕ್ರೀಡಾ ನಿಲಯದ ಆಯ್ಕೆಗೆ ಹೆಸರು ಕೊಟ್ಟಿದ್ದಾನೆ, ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಅಲ್ಲಿಂದಲೇ ಮೈದಾನಕ್ಕೆ ಓಡುತ್ತಾನೆ. ಗಬ್ಬದ ಹಸುವಿಗೆ ಬರುವ ತಿಂಗಳು ಏಳು ತುಂಬುತ್ತದೆ, ಹಾಲು ಬತ್ತಿಸಬೇಕು. ಅಂದು ಹೋದಾಗ ಹುಡುಗನ ಆಟವನ್ನೂ ನೋಡಿ ಬರುತ್ತೇನೆ.